ಪಾಪ ಅನ್ನೋ ಮಾತೇ ಮಂಡಿಗೆ ಬೀಗ

ಅಕ್ಕಾರೆ, ಮಂಡಿ ಆಪರೇಷನ್ ಆದೋರನ್ನ ಮಾತಾಡ್ಸಾಕೆ ಹೋಗ್ರಿ, ಬ್ಯಾಡ ಅನ್ನಲ್ಲ. ಆದ್ರೆ "ಪಾಪ, ಕಾಲು ಅಲ್ಲಾಡಿಸಬ್ಯಾಡ, ಮೂರು ತಿಂಗ್ಳು ಮಲ್ಕೋ" ಅನ್ನೋದು ಬಿಡ್ರಿ. ಬಾಣಂತಿಗೆ ಹೇಳೋ ಮಾತು ಮಂಡಿಗೆ ಹೊಂದಲ್ಲ.

ಹೊಸ ಕೀಲು ಲೋಹ, ಪ್ಲಾಸ್ಟಿಕ್‌ದು. ಅದು ಬಿಗಿಯಾಗಲ್ಲ. ಗಾಯ ಮಾಯುವಾಗ ಸುತ್ತಲಿನ ಮಾಂಸ ಒಳಗೇ ಅಂಟಿಕ್ಯಂಡು ಗಟ್ಟಿ ಆಕ್ಕತಿ. ಅದಕ್ಕೇ ಮೊದಲ ಆರು ವಾರ ಬಂಗಾರ ಇದ್ದಂಗೆ. ಆಗ ಸುಮ್ನೆ ಮಲಗಿದ್ರೆ, ಆಮೇಲೆ ಅರಿವಳಿಕೆ ಕೊಟ್ಟು ಡಾಕ್ಟ್ರೇ ಕಾಲು ಮಡಚೋ ಪರಿಸ್ಥಿತಿ ಬರಬಹುದು.

ಸಪಾಟಾಗಿ ನಡೆಯಾಕೆ ಮಂಡಿ ಸುಮಾರು 70 ಡಿಗ್ರಿ ಮಡಚಿದ್ರೆ ಸಾಕು. ಮೆಟ್ಲು ಹತ್ತಿಳಿಯಾಕೆ 90ರ ಹತ್ರ ಬೇಕು, ತಗ್ಗಿನ ಕುರ್ಚಿಯಿಂದ ಏಳಾಕೆ ಇನ್ನೂ ಜಾಸ್ತಿ. ಮಲಗಿದ್ರೆ ಇದು ತಾನಾಗೇ ಬರ್ತತೇನು?

ಮಂಡಿ ಕೆಳಗಿನ ದಿಂಬು ಮೊದ್ಲು ತೆಗೀರಿ. ಹಾಯನ್ನಿಸ್ತತಿ ನಿಜ, ಆದ್ರೆ ಕಾಲು ನೆಟ್ಟಗಾಗದೆ ಕುಂಟೋದು ಉಳಕಂತತಿ. ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಡ್ರಿ. ಹೊಲಿಗೆ ಮೇಲೆ ಎಣ್ಣೆ ತಿಕ್ಕಬ್ಯಾಡ್ರಿ.

ಕೃತಕ ಮಂಡಿ ರೇಟಿಗೆ ಸರ್ಕಾರ 2017ರ ಆಗಸ್ಟ್‌ನಾಗೆ ಮಿತಿ ಹಾಕ್ತು. ಕೋಬಾಲ್ಟ್-ಕ್ರೋಮಿಯಂದಕ್ಕೆ ತೆರಿಗೆ ಬಿಟ್ಟು 54,720 ರೂಪಾಯಿ. ಅಷ್ಟು ದುಡ್ಡು ಸುರಿದ ಮನೆಯೋರು ದಿನಕ್ಕೆ ಮೂರು ಸಲ ಹದಿನೈದು ನಿಮಿಷ ಕೊಡಲ್ಲ ಅಂದ್ರೆ ಏನನ್ಬೇಕು?

ಜಗಳೂರಿಂದ ದಾವಣಗೆರೆಗೆ, ನ್ಯಾಮತಿಯಿಂದ ಶಿವಮೊಗ್ಗಕ್ಕೆ ದಿನಾ ಫಿಸಿಯೋಥೆರಪಿಗೆ ಓಡಾಡಾಕೆ ಆಗಲ್ಲ, ಒಪ್ತೀನಿ. ಒಂದೆರಡು ಸಲ ಹೋಗಿ ಕಲ್ತು, ಮನ್ಯಾಗೇ ಮಾಡ್ಸಿ. ನೋವಿನ ಗುಳಿಗೆ ಡಾಕ್ಟ್ರು ಹೇಳಿದಂಗೆ ನುಂಗಿ ಅರ್ಧ ಗಂಟೆ ಬಿಡ್ರಿ. ಮಂಚದ ಮೇಲೆ ಹಿಮ್ಮಡಿ ಜಾರಿಸ್ತಾ ಕಾಲು ಮಡಚೋದು, ಮಂಡಿ ಕೆಳಗೊತ್ತಿ ತೊಡೆ ಬಿಗಿಹಿಡಿಯೋದು. ಆಮೇಲೆ ಬಟ್ಟೇಲಿ ಸುತ್ತಿದ ಐಸು ಹದಿನೈದು ನಿಮಿಷ. ಬೆಳಗ್ಗೆ ಎದ್ದಾಗ ಪೆಡಸು ಇರ್ತತಿ, ಹೆದರಬ್ಯಾಡ್ರಿ. ಮೀನಖಂಡ ಊದಿ ನೋವಾದ್ರೆ, ಜ್ವರ ಬಂದ್ರೆ, ಕೀವು ಸೋರಿದ್ರೆ, ಉಸಿರು ಕಟ್ಟಿದ್ರೆ ಮಾತ್ರ ತಡ ಮಾಡಬ್ಯಾಡ್ರಿ, ಆಸ್ಪತ್ರೆಗೆ ಓಡ್ರಿ.

ಇನ್ನು ಕೆಲವ್ರು "ನಡೀತಾಳಲ್ಲ" ಅಂತ ಹದಿನೈದು ದಿನಕ್ಕೇ ಒಲೆ ಮುಂದೆ ನಿಲ್ಲಿಸ್ತಾರೆ. ಚನ್ನಗಿರಿ ಕಡೆ ಸುಗ್ಗಿ ಬಂದ್ರೆ ನೆಲದ ಮೇಲೆ ಕೂತು ಅಡಿಕೆ ಸುಲಿಯಾಕೂ ಕರೀತಾರೆ. ವ್ಯಾಯಾಮ ಬ್ಯಾರೆ, ಚಾಕರಿ ಬ್ಯಾರೆ. ಅವ್ವನ ಮಂಡಿ ಸೊಸೆ ಒಬ್ಳದೇ ಜವಾಬ್ದಾರಿ ಅಲ್ಲ. ಮಗ ಮೊಬೈಲ್ ಕೆಳಗಿಟ್ಟು ಟವೆಲ್ ಹಿಡೀಲಿ.