ಮುಂಬ್ರಾದಲ್ಲಿ ಹುಡುಕಬೇಕಾದ ವಿಳಾಸಗಳು

ಡೊಂಬಿವಲಿಯಿಂದ ಠಾಣೆಗೆ ದಿನವೂ ಲೋಕಲ್ ಹಿಡಿಯುವ ಕನ್ನಡಿಗರಿಗೆ ಮುಂಬ್ರಾ ಎಂದರೆ ನಡುವೆ ಸಿಗುವ ಒಂದು ಸ್ಟೇಷನ್. ಪಾರ್ಸಿಕ್ ಗುಡ್ಡದ ಬುಡದ ಈ ಊರನ್ನು ಬೆಳೆಸಿದ್ದು ಉದ್ಯಮಕ್ಕಿಂತ ಹೆಚ್ಚಾಗಿ ಭಯ. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿದ ಮೇಲೆ ಮುಂಬಯಿ ಎರಡು ಸಲ ಹೊತ್ತಿಕೊಂಡಿತು. ಆ ಗಲಭೆಗಳ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗದ ಪ್ರಕಾರ ಸತ್ತವರು 900 ಮಂದಿ. 575 ಮುಸ್ಲಿಮರು, 275 ಹಿಂದೂಗಳು, ಉಳಿದವರಲ್ಲಿ ಗುರುತೇ ಸಿಗದವರು ಹೆಚ್ಚು. ಅಕ್ಕಪಕ್ಕದವರೊಡನೆ ಕೂಡಿ ಬಾಳಿದ್ದ ಎಷ್ಟೋ ಮುಸ್ಲಿಂ ಕುಟುಂಬಗಳು ಖೋಲಿ ಬಿಟ್ಟು ಇಲ್ಲಿಗೆ ಬಂದವು.

ಬಂದವರಿಗೆ ತುರ್ತಾಗಿ ಸೂರು ಬೇಕಿತ್ತು. ಪರವಾನಗಿ ಇಲ್ಲದ ಕಟ್ಟಡಗಳು ಒಂದಕ್ಕೊಂದು ಒತ್ತಿಕೊಂಡು ಎದ್ದವು, ಆಡಳಿತ ನೋಡುತ್ತ ಕುಳಿತಿತ್ತು. ಆ ಉದಾಸೀನಕ್ಕೆ ತೆತ್ತ ಬೆಲೆ 2013ರ ಏಪ್ರಿಲ್ 4ರಂದು ಕಂಡಿತು: ಪಕ್ಕದ ಶಿಳ್‌ಫಾಟಾದಲ್ಲಿ ಇನ್ನೂ ಕಟ್ಟುತ್ತಿದ್ದ ಅಕ್ರಮ ಕಟ್ಟಡ ಕುಸಿದು 74 ಜನ ಸತ್ತರು.

ಇದೆಲ್ಲ ಅನಿವಾರ್ಯವಾಗಿತ್ತೇ? ಕಲ್ಯಾಣಕ್ಕೆ ಹತ್ತಿರದ ಭಿವಂಡಿ ಇಲ್ಲವೆನ್ನುತ್ತದೆ. ಮಗ್ಗಗಳ ಆ ಊರು 1970ರಲ್ಲೂ 1984ರಲ್ಲೂ ನೆತ್ತರು ಹರಿಸಿತ್ತು. 1988ರಲ್ಲಿ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಎರಡೂ ಸಮುದಾಯದ ಸಾಮಾನ್ಯ ಜನ ಪೊಲೀಸರ ಜೊತೆ ಕುಳಿತು ಗಲ್ಲಿಯ ಸಣ್ಣ ಜಗಳಗಳನ್ನೇ ಮಾತಾಡಿ ಬಗೆಹರಿಸಿಕೊಳ್ಳುತ್ತಿದ್ದರು. ಗಾಳಿಸುದ್ದಿ ಹಬ್ಬಿದಾಗ ಯಾರನ್ನು ಕೇಳಬೇಕೆಂಬುದು ಜನರಿಗೆ ಗೊತ್ತಿತ್ತು. ಮುಂಬಯಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ಗಲಭೆಯ ನಂತರ ಮುಂಬಯಿಯೂ ಅಂಥ ಸಮಿತಿಗಳನ್ನು ಮಾಡಿಕೊಂಡಿತು, ಅಷ್ಟು ಹೊತ್ತಿಗೆ ಮನೆ ಬಿಟ್ಟವರು ಬಿಟ್ಟಾಗಿತ್ತು. ಇಂಥ ಸಮಿತಿ ಒಬ್ಬ ಒಳ್ಳೆಯ ಅಧಿಕಾರಿಯ ಉತ್ಸಾಹಕ್ಕೆ ಬಿಟ್ಟ ವಿಷಯವಾಗಬಾರದು. ಠಾಣೆ, ಕಲ್ಯಾಣ, ನವಿ ಮುಂಬಯಿಯ ಪ್ರತಿ ಪೊಲೀಸ್ ಠಾಣೆಯ ನಿತ್ಯದ ಕೆಲಸವಾಗಬೇಕು.

ಇನ್ನೊಂದು ಬಾಕಿಯಿದೆ. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್, ಮುಂಬಯಿಯ ಆ ಗಲಭೆಯಲ್ಲಿ ಕಾನೂನು-ಸುವ್ಯವಸ್ಥೆ ಕಾಯುವಲ್ಲಿ ಸರ್ಕಾರ ಸೋತಿತ್ತೆಂದು ಹೇಳಿತು. ಕಾಣೆಯಾದ 168 ಜನರ ಪೈಕಿ 60 ಮಂದಿಯ ಕುಟುಂಬಗಳಿಗೆ ಮಾತ್ರ ಪರಿಹಾರ ಸಿಕ್ಕಿತ್ತು. ಉಳಿದ 108 ಕುಟುಂಬಗಳನ್ನು ಹುಡುಕಿ ಎರಡು ಲಕ್ಷ ರೂಪಾಯಿಯನ್ನು ಬಡ್ಡಿಸಮೇತ ಕೊಡಿ ಎಂದು ಕೋರ್ಟು ಆದೇಶಿಸಿತು. ಹಳೆಯ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿ ಮರಳಿದರೆ ಪ್ರಯೋಜನವಿಲ್ಲ, ಏಕೆಂದರೆ ಆ ವಿಳಾಸದಿಂದಲೇ ಅವರನ್ನು ಓಡಿಸಲಾಗಿತ್ತು. ಗಲಭೆ ಜನರನ್ನು ಎಲ್ಲಿಗೆ ತಳ್ಳಿತೋ ಅಲ್ಲಿ, ಮುಂಬ್ರಾದ ಶಾಲೆ, ಮಸೀದಿ, ರೇಷನ್ ಅಂಗಡಿಗಳಲ್ಲಿ ಹೆಸರುಗಳ ಪಟ್ಟಿ ಅಂಟಿಸಿ ಅಧಿಕಾರಿಗಳು ವಿಚಾರಿಸಲಿ.