ಹಸುಗೂಸಿನ ಗಾಡಿಗೆ ಇಷ್ಟೊಂದು ಸಿಂಗಾರ ಯಾಕ್ರೀ?

ಗಣಪತಿ ಬಿಡೋ ಟ್ರ್ಯಾಕ್ಟರಿಗೂ ಇಷ್ಟು ಅಲಂಕಾರ ಮಾಡೋದಿಲ್ಲ ಕಣ್ರೀ! ಈಗ ಹುಟ್ಟೋ ಮಗುವಿನ ಪ್ರಾಮಿಗೆ (ಸ್ಟ್ರೋಲರ್ ಅನ್ನಿ, ತಳ್ಳುಗಾಡಿ ಅನ್ನಿ) ಏನೇನು ಬೇಕಂತೆ ನೋಡಿ. ತಲೆಗೊಂದು ದಿಂಬು, ಕತ್ತಿಗೆ ಇನ್ನೊಂದು ದಿಂಬು, ಬೆಲ್ಟಿಗೆ ಮೆತ್ತನೆ ಕವರು, ಸೀಟಿಗೆ ಲೈನರ್ರು, ಬಿಸಿಲಿಗೆ ಪರದೆ, ಮಳೆಗೆ ಪ್ಲಾಸ್ಟಿಕ್ ಹೊದಿಕೆ, ಸಿಕ್ಕಿಸೋ ಫ್ಯಾನು, ಹ್ಯಾಂಡಲಿಗೆ ಚೀಲ, ಅಪ್ಪನ ಕಾಫಿ ಲೋಟ ಇಡೋಕೊಂದು ರಿಂಗು, ಅಮ್ಮನ ಮೊಬೈಲಿಗೆ ಇನ್ನೊಂದು, ಎದುರಿಗೆ ನೇತಾಡೋ ಆನೆ, ಜಿರಾಫೆ.. ಇಷ್ಟರ ಮಧ್ಯೆ ಮಗು ಎಲ್ಲಿದೆ ಅಂತ ಹುಡುಕಬೇಕು.

ತಂಗಿಯ ಗಂಡ ಇಂಥದ್ದೊಂದು ಪಟ್ಟಿ ಕಳಿಸಿ "ನೀವೊಮ್ಮೆ ನೋಡಿ" ಅಂದಿದ್ದರು. ನೋಡಿದೆ. ನೋಡಿ ಅರ್ಧಕ್ಕರ್ಧ ಹೊಡೆದು ಹಾಕಿದ್ದಕ್ಕೆ ಮನೆಯಲ್ಲಿ ನನಗೆ ಜಿಪುಣ ಅಂತ ಹೆಸರು ಬಂತು. ಬರಲಿ. ಆದ್ರೆ ನನ್ನ ತಕರಾರು ದುಡ್ಡಿನದಲ್ಲ. ನವಜಾತ ಶಿಶುವಿನ ಹೆಸರಲ್ಲಿ ಮಾರೋ ಈ ಸಾಮಾನಿನಲ್ಲಿ ಬಹಳಷ್ಟು ಮಗುವಿಗೆ ಅಲ್ಲವೇ ಅಲ್ಲ, ನಮ್ಮ ಕಣ್ಣಿಗೆ. ಅದರಲ್ಲೂ ಕೆಲವು ಅಪಾಯದವು. ಆ ಅಪಾಯದವೇ ಅಂಗಡಿಯಲ್ಲಿ ಎಲ್ಲಕ್ಕಿಂತ ಮುದ್ದಾಗಿ, ಮೆತ್ತಗೆ ಕಾಣೋವು ಅನ್ನೋದೇ ನನ್ನ ಸಿಟ್ಟು.

ದಿಂಬಿನಿಂದಲೇ ಶುರು ಮಾಡೋಣ. ನಮ್ಮಲ್ಲಿ ಸಾಸಿವೆ ದಿಂಬು ಅಂತ ಇದೆಯಲ್ಲ, ಮಗುವಿನ ತಲೆ ಗುಂಡಗಾಗಲಿ ಅಂತ ಇಡ್ತಾರೆ. ಅದೇ ಈಗ ನಡುವೆ ಕುಳಿ ಇರೋ, ಕರಡಿ ಕಿವಿ ಹೊಲಿದಿರೋ ದಿಂಬಾಗಿ ಪ್ಯಾಕೆಟ್ಟಿನಲ್ಲಿ ಬರುತ್ತೆ, ಪ್ರಾಮಿಗೂ ಆಗುತ್ತೆ ಅಂತ ಹೊರಗೆ ಬರೆದಿರ್ತಾರೆ. ಈಗ ಹುಟ್ಟಿದ ಮಗುವಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಕತ್ತಿಗೆ ಬಲ ಇಲ್ಲ. ತಲೆಯ ಹಿಂದೆ ಏನೇ ಇಟ್ಟರೂ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗುತ್ತೆ. ಮಗುವಿನ ಶ್ವಾಸನಾಳ ಸಣ್ಣದು, ಮೆತ್ತಗಿನದು. ಕತ್ತು ಹಾಗೆ ಮಡಚಿಕೊಂಡರೆ ಉಸಿರಿನ ದಾರಿ ಕಿರಿದಾಗುತ್ತೆ. ದೊಡ್ಡವರಾದ್ರೆ ಎಚ್ಚರಾಗಿ ತಲೆ ಎತ್ತಿಕೊಳ್ತೀವಿ. ಅದಕ್ಕೆ ಎತ್ತೋಕೆ ಬರಲ್ಲ, ಅಳೋಕೂ ಉಸಿರು ಬೇಕು. ಸದ್ದೇ ಇಲ್ಲದೆ ನಡೆದುಹೋಗೋ ಅನಾಹುತ ಇದು. ನಾವು "ಪಾಪ, ಹಾಯಾಗಿ ಮಲಗಿದೆ" ಅಂತ ಫೋಟೋ ತೆಗೀತಾ ಇರ್ತೀವಿ.

ಇದು ನಾನು ಹೆದರಿಸೋಕೆ ಹೇಳ್ತಿರೋದಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ನವೆಂಬರಿನಲ್ಲಿ, ತಲೆಯ ಆಕಾರ ತಿದ್ದುತ್ತೆ ಅಂತ ಮಾರೋ ಶಿಶು ದಿಂಬುಗಳನ್ನ ಬಳಸಬೇಡಿ, ಉಸಿರುಗಟ್ಟೋ ಅಪಾಯ ಇದೆ ಅಂತ ಎಚ್ಚರಿಕೆ ಕೊಟ್ಟಿತು. ಅಲ್ಲಿನ ಮಕ್ಕಳ ವೈದ್ಯರ ಸಂಘ ಹೇಳೋದೂ ಅದನ್ನೇ: ಮಗು ಅಂಗಾತ ಮಲಗಬೇಕು, ಸಮತಟ್ಟಾದ ಗಟ್ಟಿ ಹಾಸಿಗೆ ಬೇಕು, ದಿಂಬು ಬೇಡ, ಮೆತ್ತನೆ ಹೊದಿಕೆ ಬೇಡ.

ಇದನ್ನ ಹೇಳಿದ್ದಕ್ಕೆ ಅಮ್ಮ, "ಹಂಗಾದ್ರೆ ನಿನ್ನ ತಲೆ ಗುಂಡಗಾಗಿದ್ದು ಯಾವುದರಿಂದ?" ಅಂದಳು. ನ್ಯಾಯವಾದ ಪ್ರಶ್ನೆ :-) ಆದ್ರೆ ಆಗ ದಿಂಬು ಇಟ್ಟವರು ಪಕ್ಕದಲ್ಲೇ ಕೂತಿರ್ತಿದ್ರು. ಮನೆ ತುಂಬ ಜನ, ಕ್ಷಣಕ್ಕೊಬ್ಬರು ಇಣುಕಿ ನೋಡೋವ್ರು. ಈಗ ಮಗು ಮುಂದಕ್ಕೆ ಮುಖ ಮಾಡಿರೋ ಗಾಡಿಯಲ್ಲಿ, ತಳ್ಳೋರು ಹಿಂದೆ, ಮಧ್ಯೆ ಒಂದು ಪರದೆ. ತಲೆ ಚಪ್ಪಟೆ ಆಗುತ್ತೆ ಅನ್ನೋ ಭಯಕ್ಕೆ ಮದ್ದು ದಿಂಬಲ್ಲ. ಮಗು ಎಚ್ಚರ ಇದ್ದಾಗ ನಮ್ಮ ಕಣ್ಣೆದುರೇ ಬೋರಲು ಹಾಕೋದು, ಮಲಗಿಸೋವಾಗ ತಲೆಯ ದಿಕ್ಕು ಬದಲಿಸೋದು, ಎತ್ತಿಕೊಳ್ಳೋದು. ಇದಕ್ಕೆಲ್ಲ ಕಾಸು ಖರ್ಚಿಲ್ಲ, ಅದಕ್ಕೇ ಯಾರೂ ಜಾಹೀರಾತು ಕೊಡಲ್ಲ.

ಹಾಗೆ ನೋಡಿದ್ರೆ ಹಸುಗೂಸಿಗೆ ಪ್ರಾಮಿನಲ್ಲಿ ಬೇಕಾಗಿರೋ "ಆಕ್ಸೆಸರಿ" ಒಂದೇ, ಪೂರ್ತಿ ಚಪ್ಪಟೆಯಾಗಿ ಮಲಗೋ ಜಾಗ. ಅದು ಕ್ಯಾರಿಕಾಟ್ ಆಗಲಿ, ಪೂರ್ತಿ ಹಿಂದಕ್ಕೆ ಮಲಗೋ ಸೀಟೇ ಆಗಲಿ. ಅರ್ಧ ಮಾತ್ರ ಬಾಗೋ ಗಾಡಿ ಆರು ತಿಂಗಳ ಒಳಗಿನ ಮಗುವಿಗಲ್ಲ ಅಂತ ಎಷ್ಟೋ ಮ್ಯಾನ್ಯುಯಲ್ಲುಗಳೇ ಹೇಳ್ತವೆ. ಅಂಥ ಗಾಡಿಗೆ "ನ್ಯೂಬಾರ್ನ್ ಕುಶನ್" ಜೋಡಿಸಿಬಿಟ್ಟರೆ ಅದು ಹಸುಗೂಸಿನ ಗಾಡಿ ಆಗಿಬಿಡಲ್ಲ ಸ್ವಾಮಿ. ಗಾಡಿ ಜೊತೆ ಬಂದಿರದ ಯಾವ ಮೆತ್ತೆಯನ್ನೂ ಹಾಕದಿರೋದೇ ಒಳ್ಳೇದು.

ಎರಡನೇ ಶತ್ರು, ಬಟ್ಟೆ. ಬಿಸಿಲು ಬೀಳುತ್ತೆ, ದೃಷ್ಟಿ ಆಗುತ್ತೆ, ಧೂಳು ಬರುತ್ತೆ ಅಂತ ಪ್ರಾಮಿನ ಮೇಲೆ ಒಂದು ಬಟ್ಟೆ ಎಳೆದುಬಿಡ್ತೀವಲ್ಲ, ಅದು. 2014ರಲ್ಲಿ ಸ್ವೀಡನ್ನಿನ ಸ್ವೆನ್ಸ್ಕಾ ದಾಗ್‌ಬ್ಲಾಡೆಟ್ ಪತ್ರಿಕೆಯವರು ಬಿಸಿಲಲ್ಲಿ ಪ್ರಾಮ್ ನಿಲ್ಲಿಸಿ ಅಳೆದರು. ಮುಚ್ಚದೆ ಇದ್ದಾಗ ಒಳಗೆ 22 ಡಿಗ್ರಿ. ತೆಳು ಬಟ್ಟೆ ಮುಚ್ಚಿದ ಅರ್ಧ ಗಂಟೆಗೆ 34, ಒಂದು ಗಂಟೆಗೆ 37! ಸ್ವೀಡನ್ ಇದು, ರಾಯಚೂರಲ್ಲ. 2023ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಇನ್ನೂ ಕ್ರಮವಾಗಿ ಪರೀಕ್ಷೆ ಮಾಡಿದರು. ಒಣ ಮಸ್ಲಿನ್ ಮುಚ್ಚಿದರೆ ಒಳಗಿನ ಶಾಖ ಎರಡೂವರೆ ಡಿಗ್ರಿಯಷ್ಟು ಏರಿತು, ಫ್ಲಾನಲ್ ಆದ್ರೆ ಮೂರೂವರೆಯಷ್ಟು. ಅದೇ ಮಸ್ಲಿನ್ ಒದ್ದೆ ಮಾಡಿ, ಜೊತೆಗೊಂದು ಸಣ್ಣ ಫ್ಯಾನ್ ಇಟ್ಟರೆ ನಾಲ್ಕೂವರೆ ಡಿಗ್ರಿಯಷ್ಟು ಇಳಿಯಿತು. ನಮ್ಮ ಮಡಕೆ ನೀರಿನ ತತ್ವವೇ. ಬಟ್ಟೆ ಆರಿದ ಹಾಗೆಲ್ಲ ಮತ್ತೆ ನೆನೆಸಬೇಕು, ಗಾಳಿ ಆಡೋಕೆ ಸಂದು ಬಿಡಬೇಕು. ಮಂಗಳೂರಿನ ಸೆಕೆಯಲ್ಲಿ ಒಗೆದ ಬಟ್ಟೆಯೇ ಆರಲ್ಲ, ಅಲ್ಲಿ ಈ ಉಪಾಯ ಅಷ್ಟಕ್ಕಷ್ಟೆ. ಅದಕ್ಕಿಂತ ಮಧ್ಯಾಹ್ನ ಮಗುವನ್ನ ಹೊರಗೆ ತರದೇ ಇರೋದು ಸುಲಭ. ಗಾಡಿಗೆ ಒಂದು ಅಗಲವಾದ ಹುಡ್ ಇದ್ದರೆ ಸಾಕು, ಸಾವಿರಾರು ರೂಪಾಯಿಯ "ಯುವಿ ಪರದೆ" ಕಟ್ಟಿ ಸುತ್ತಲೂ ಬಿಗಿದು ಮಗುವನ್ನ ಹಬೆಯಲ್ಲಿಟ್ಟ ಇಡ್ಲಿ ಮಾಡೋದು ಬೇಡ. ಮಳೆಯ ಪ್ಲಾಸ್ಟಿಕ್ ಹೊದಿಕೆಗೂ ಇದೇ ಮಾತು, ಸೂರಿನ ಕೆಳಗೆ ಬಂದ ತಕ್ಷಣ ತೆಗೀರಿ.

ಇನ್ನೊಂದು ತಮಾಷೆ ಹೇಳ್ತೀನಿ. ನಮ್ಮ ಕಡೆ ಹೆರಿಗೆಯಾದ ಮೇಲೆ ಬಾಣಂತಿ, ಮಗು ಎಲ್ಲಿರ್ತಾರೆ? ತವರಿನಲ್ಲಿ. ಮೂರು ತಿಂಗಳೋ ಐದು ತಿಂಗಳೋ ಬಾಣಂತನ, ಹೊಸಿಲು ದಾಟಿದರೆ ಅದು ಆಸ್ಪತ್ರೆಗೋ ದೇವಸ್ಥಾನಕ್ಕೋ, ಅದೂ ಯಾರದೋ ತೋಳಲ್ಲಿ. ಹೊರಗೆ ಗಾಡಿ ತಳ್ಳೋ ಹೊತ್ತಿಗೆ ಮಗು ಕತ್ತು ನಿಲ್ಲಿಸಿ, ಮಗ್ಗುಲಾಗಿ, "ನವಜಾತ" ಅನ್ನೋ ಪಟ್ಟವನ್ನೇ ಕಳಕೊಂಡಿರುತ್ತೆ. ಸೀಮಂತದ ಉಡುಗೊರೆಗೆ ಬಂದ ನ್ಯೂಬಾರ್ನ್ ಕಿಟ್ಟು ಪ್ಯಾಕೆಟ್ಟಿನಲ್ಲೇ ಅಟ್ಟ ಸೇರಿರುತ್ತೆ. (ಅಮೆರಿಕದಲ್ಲಿರೋ ಬ್ಲಾಗಿಗರು ಬೈಬೇಡಿ. ಹುಟ್ಟಿದ ಮೂರರಿಂದ ಐದು ದಿನದೊಳಗೆ ಡಾಕ್ಟರ್ ಹತ್ರ ಹೋಗಬೇಕಾದ ನಿಮ್ಮ ಲೆಕ್ಕ ಬೇರೆ ಅಂತ ಗೊತ್ತು. ಆದ್ರೆ ದಿಂಬಿನ ಮಾತು ನಿಮಗೂ ಸೇರಿ.)

ಹಾಗಂತ ಎಲ್ಲವನ್ನೂ ಬೈಯೋ ಸನ್ಯಾಸಿ ಅಲ್ಲ ನಾನು. ಪಟ್ಟಿಯಲ್ಲಿ ಸೊಳ್ಳೆ ಪರದೆಗೆ ದೊಡ್ಡ ಟಿಕ್ ಹಾಕಿದೆ. ಡೆಂಗ್ಯೂ ಸೊಳ್ಳೆ ಕಚ್ಚೋದು ಹಗಲಲ್ಲಿ, ಪ್ರಾಮ್ ಹೊರಗೆ ಹೋಗೋದೂ ಹಗಲಲ್ಲಿ. 2024ರಲ್ಲಿ ನಮ್ಮ ಸರ್ಕಾರವೇ ಡೆಂಗ್ಯೂವನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಬೇಕಾಯ್ತು. ಎರಡು ತಿಂಗಳ ಒಳಗಿನ ಮಗುವಿಗೆ ಸೊಳ್ಳೆ ಓಡಿಸೋ ಕ್ರೀಮು ಹಚ್ಚೋ ಹಾಗೂ ಇಲ್ಲ. ಅಂಚಿಗೆ ಎಲಾಸ್ಟಿಕ್ ಇರೋ, ಮುಖಕ್ಕೆ ತಾಗದ ಹಾಗೆ ಬಿಗಿಯಾಗಿ ನಿಲ್ಲೋ ಪರದೆ ತಗೊಳ್ಳಿ. ತಮಾಷೆ ಅಂದ್ರೆ ಇದನ್ನೇ ಅಂಗಡಿಯವರು ಕೇಳಿದ ಮೇಲೆ ಒಳಗಿಂದ ಹುಡುಕಿ ತರ್ತಾರೆ.

ಮಣಿಕಟ್ಟಿಗೆ ಕಟ್ಟಿಕೊಳ್ಳೋ ಪಟ್ಟಿಗೂ ಟಿಕ್. 2009ರ ಅಕ್ಟೋಬರಿನಲ್ಲಿ ಮೆಲ್ಬರ್ನಿನ ಆಶ್‌ಬರ್ಟನ್ ರೈಲ್ವೆ ನಿಲ್ದಾಣದಲ್ಲಿ ತಾಯಿ ಕೈಬಿಟ್ಟ ಒಂದು ಕ್ಷಣದಲ್ಲಿ ಪ್ರಾಮ್ ಉರುಳಿ ಹಳಿ ಮೇಲೆ ಬಿತ್ತು, ಬರುತ್ತಿದ್ದ ರೈಲು ಎಳಕೊಂಡೇ ಹೋಯ್ತು. ಆರು ತಿಂಗಳ ಆ ಕೂಸು ಬೆಲ್ಟ್ ಹಾಕಿದ್ದರಿಂದ ಸಣ್ಣಪುಟ್ಟ ಗಾಯದಲ್ಲಿ ಉಳಿಯಿತು. ಆ ಪಟ್ಟಿ ಒಂದು ಮೊಳ ದಾರ ಅಷ್ಟೇ, ಮುದ್ದಾಗಿಲ್ಲ, ಯಾರೂ ಅದರ ಫೋಟೋ ಹಾಕಲ್ಲ. ಹ್ಯಾಂಡಲಿಗೆ ಚೀಲ ನೇತುಹಾಕೋ ಕೊಕ್ಕೆ ಮಾತ್ರ ಬೇಡವೇ ಬೇಡ. ಮೂರು ಕೇಜಿ ಮಗುವಿನ ಗಾಡಿಗೆ ಹಿಂದೆ ಐದು ಕೇಜಿ ತರಕಾರಿ ನೇತುಹಾಕಿದರೆ ಗಾಡಿ ಯಾವ ಕಡೆ ಮಗುಚುತ್ತೆ ಅಂತ ಹೇಳೋಕೆ ಭೌತಶಾಸ್ತ್ರ ಬೇಕಾ? ಭಾರ ಏನಿದ್ರೂ ಕೆಳಗಿನ ಬುಟ್ಟಿಗೆ.

ಅಂದಹಾಗೆ ಅದೇ 2009ರ ನವೆಂಬರಿನಲ್ಲಿ ಮ್ಯಾಕ್ಲಾರೆನ್ ಕಂಪನಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಸ್ಟ್ರೋಲರ್‌ಗಳ ವಿಷಯದಲ್ಲಿ ರೀಕಾಲ್ ಘೋಷಿಸಿತು. ಮಡಚೋ ಕೀಲಿಗೆ ಸಿಕ್ಕಿ ಹನ್ನೆರಡು ಮಕ್ಕಳ ಬೆರಳ ತುದಿ ಹೋಗಿತ್ತು. ಪರಿಹಾರ? ಕೀಲಿನ ಮೇಲೆ ಮುಚ್ಚೋ ಒಂದು ಸಣ್ಣ ಬಟ್ಟೆ ಕವರು, ಪುಕ್ಕಟೆ. ನಿಜವಾಗಿ ಬೇಕಿದ್ದ ಆಕ್ಸೆಸರಿ ಯಾವ ಪಟ್ಟಿಯಲ್ಲೂ ಇರಲಿಲ್ಲ ನೋಡಿ.

ಇಷ್ಟೆಲ್ಲ ಕೊಂಡು ಬೆಂಗಳೂರಲ್ಲಿ ಗಾಡಿ ತಳ್ಳೋದಾದ್ರೂ ಎಲ್ಲಿ? ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಎತ್ತರ 150 ಮಿಲಿಮೀಟರ್ ದಾಟಬಾರದು ಅಂತಿದೆ. ನಮ್ಮ ಬೀದಿಯಲ್ಲಿ ಆ ಅಗಲದಲ್ಲಿ ಒಂದು ಟ್ರಾನ್ಸ್‌ಫಾರ್ಮರು, ಎರಡು ಸುರುಳಿ ಕೇಬಲ್ಲು, ನಾಲ್ಕು ಬೈಕು ಇವೆ. ಕಾಫಿ ಲೋಟದ ರಿಂಗಿಗೆ ಕೊಡೋ ದುಡ್ಡನ್ನ ದೊಡ್ಡ ಚಕ್ರದ ಗಾಡಿಗೆ ಸೇರಿಸಿ ಅಂತ ಅದಕ್ಕೇ ಹೇಳಿದ್ದು. ಪುಟಾಣಿ ಚಕ್ರ ಚಪ್ಪಡಿ ಸಂದಿಗೆ ಸಿಕ್ಕಿಕೊಂಡರೆ ಗಾಡಿ ಅಲ್ಲೇ ನಿಲ್ಲುತ್ತೆ, ತಳ್ಳೋರ ಎದೆ ಹ್ಯಾಂಡಲಿಗೆ ಬಂದು ಬೀಳುತ್ತೆ.

ತಂಗಿಯ ಗಂಡನಿಗೆ ಕೊನೆಗೆ ಬರೆದಿದ್ದು ಇಷ್ಟು. ಅಂಗಡಿಗೆ ಹೋಗಿ, ಮೂರು ಕೇಜಿ ಅಕ್ಕಿ ಚೀಲ ಜೊತೆಗೆ ಒಯ್ಯಿರಿ, ಮಲಗಿಸಿ ಬೆಲ್ಟ್ ಹಾಕಿ ನೋಡಿ. ಸೀಟು ಪೂರ್ತಿ ಚಪ್ಪಟೆ ಆಗುತ್ತಾ, ಬ್ರೇಕ್ ಹಾಕಿ ತಳ್ಳಿದ್ರೆ ಜರುಗುತ್ತಾ, ಒಂದೇ ಕೈಯಲ್ಲಿ ಮಡಚೋಕೆ ಬರುತ್ತಾ, ಕೀಲಿನ ಹತ್ರ ಬೆರಳು ಹೋಗುತ್ತಾ. ಅಂಗಡಿಯವ ಸಿಡುಕಿದ್ರೆ ಸಿಡುಕಲಿ. "ದಿಂಬು ಫ್ರೀ ಸರ್" ಅಂದ್ರೆ ಅದನ್ನ ಅಲ್ಲೇ ಬಿಟ್ಟು, ಬದಲಿಗೆ ಸೊಳ್ಳೆ ಪರದೆ ಕೊಡ್ತೀರಾ ಅಂತ ಕೇಳಿ.