ಇಂಗ್ಲಿಷ್ ಬಾರದಿದ್ದರೂ ಕೀಲಿಮಣೆ

"ಇಂಗ್ಲಿಷ್ ಬಾರದವಳಿಗೆ ಕಂಪ್ಯೂಟರ್ ಯಾಕೆ?" ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಕಡೆ ಎಷ್ಟೋ ಹೆಣ್ಣುಮಕ್ಕಳನ್ನು ಹಿಂದೆ ಕೂರಿಸಿದ ಮಾತಿದು. ಸಹೋದರಿಯರೇ, ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸ 'ನುಡಿ' ತಂತ್ರಾಂಶದಲ್ಲಿದೆ. ಅದರಲ್ಲಿ 'ಗದಗ' ಎಂದು ಬರೆಯಲು ಜಿ, ಡಿ, ಜಿ ಮೂರೇ ಕೀಲಿ. ಇಂಗ್ಲಿಷಿನಲ್ಲಾದರೆ 5 ಅಕ್ಷರ ಬೇಕು! ಮುಂಡರಗಿಯ 'ಡ'ಕಾರಕ್ಕೆ ಡಬ್ಲ್ಯು, 'ಟ'ಕಾರಕ್ಕೆ ಕ್ಯೂ. ಇವೆರಡು ಮೊದಮೊದಲು ಕಾಡುತ್ತವೆ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ಶಿರಹಟ್ಟಿಯ 'ಟ್ಟಿ'ಗೆ ಕ್ಯೂ, ಎಫ್, ಕ್ಯೂ, ಐ.

ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ. ತೋರುಬೆರಳುಗಳನ್ನು ಅಲ್ಲಿಡಿ, ಉಳಿದ ಬೆರಳುಗಳನ್ನು ಅದೇ ಸಾಲಿನಲ್ಲಿ. ಕಣ್ಣು ಪರದೆಯ ಮೇಲಿರಲಿ. ವೇಗದ ಚಿಂತೆ ಈಗಲೇ ಬೇಡ. ಮೊದಲು ನಿಮ್ಮ ಹೆಸರು, ಊರು. ಬಳಿಕ ಮಕ್ಕಳ ಶಾಲೆಗೆ ಕೊಡುವ ಮನವಿಪತ್ರವನ್ನು ಯಾರಿಂದಲೂ ಬರೆಸದೆ ನೀವೇ ಟೈಪ್ ಮಾಡಿ.